ಎಂಟು ವಾರದ ಸೆಮಿಸ್ಟರ್: ಜರ್ಮನಿಯ ಅಮೆರಿಕನ್ ಸೇನಾ ನೆಲೆಗಳಲ್ಲಿ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಸಂಜೆ ತರಗತಿಗಳು

1949ರ ಅಕ್ಟೋಬರ್ 31, ಸೋಮವಾರ. ಅಂದು ಪಶ್ಚಿಮ ಜರ್ಮನಿಯ ಫ್ರಾಂಕ್‌ಫರ್ಟ್, ಹೈಡೆಲ್‌ಬರ್ಗ್, ಮ್ಯೂನಿಕ್, ನ್ಯೂರೆಂಬರ್ಗ್ ಮತ್ತು ವೀಸ್‌ಬಾಡನ್ ನಗರಗಳಲ್ಲಿಯೂ, ಸೋವಿಯತ್ ವಲಯದ ನಡುವೆ ದ್ವೀಪದಂತೆ ಉಳಿದಿದ್ದ ಬರ್ಲಿನ್ನಿನಲ್ಲಿಯೂ ಅಮೆರಿಕದ ಸೈನಿಕರಿಗಾಗಿ ಕಾಲೇಜು ತರಗತಿಗಳು ಆರಂಭವಾದವು. ಅದಕ್ಕಾಗಿ ಅಟ್ಲಾಂಟಿಕ್ ದಾಟಿ ಬಂದಿದ್ದವರು ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಏಳು ಮಂದಿ ಪ್ರಾಧ್ಯಾಪಕರು. ಮೊದಲ ಅವಧಿಗೆ ಹೆಸರು ನೋಂದಾಯಿಸಿದವರು 1,851 ಮಂದಿ. ಅಂದರೆ ಒಬ್ಬೊಬ್ಬ ಪ್ರಾಧ್ಯಾಪಕರ ಪಾಲಿಗೆ ಸರಾಸರಿ 260ಕ್ಕೂ ಹೆಚ್ಚು ವಿದ್ಯಾರ್ಥಿಗಳು. ಆರು ಕಡೆ ಏಕಕಾಲದಲ್ಲಿ ತೆರೆದ ಈ ತರಗತಿಗಳು ಮುಂದೆ ಏಳು ದಶಕಗಳಿಗೂ ಹೆಚ್ಚು ಕಾಲ ನಿಲ್ಲದೆ ನಡೆದವು. ಅಂಥದೊಂದು ವ್ಯವಸ್ಥೆ ಹೇಗೆ ನಿಂತಿತು, ಎಲ್ಲಿ ಎಡವಿತು, ಯಾವ ನಿರ್ಧಾರ ಅದನ್ನು ಉಳಿಸಿತು ಎಂಬುದನ್ನು ಮೊದಲ ವರ್ಷಗಳ ಜರ್ಮನಿಯನ್ನೇ ಮುಖ್ಯವಾಗಿಟ್ಟುಕೊಂಡು ನೋಡುವುದು ಈ ಬರಹದ ಕೆಲಸ.

ಹಿನ್ನೆಲೆ

ಸೈನಿಕರಿಗೆ ಓದಿಸಬೇಕು ಎಂಬ ವಿಚಾರ 1949ರಲ್ಲಿ ಹೊಸದಾಗಿರಲಿಲ್ಲ. ಎರಡನೆಯ ಮಹಾಯುದ್ಧ ನಡೆಯುತ್ತಿದ್ದಾಗಲೇ, 1942ರಲ್ಲಿ, ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್ ನಗರದಲ್ಲಿ ಸೈನಿಕರಿಗಾಗಿ ಅಂಚೆ ಶಿಕ್ಷಣ ಸಂಸ್ಥೆಯೊಂದು ಆರಂಭವಾಗಿತ್ತು. ಯುದ್ಧ ಮುಗಿದ 1945ರಲ್ಲಿ, ಊರಿಗೆ ಮರಳಲು ಹಡಗಿನ ಸರದಿ ಕಾಯುತ್ತಿದ್ದ ಲಕ್ಷಾಂತರ ಯುವಕರಿಗಾಗಿ ಇಂಗ್ಲೆಂಡಿನ ಶ್ರಿವೆನ್‌ಹ್ಯಾಮ್ ಮತ್ತು ಫ್ರಾನ್ಸಿನ ಬಿಯಾರಿಟ್ಜ್‌ಗಳಲ್ಲಿ ಸೇನೆಯೇ ತಾತ್ಕಾಲಿಕ ವಿಶ್ವವಿದ್ಯಾಲಯಗಳನ್ನು ತೆರೆದಿತ್ತು. ಸೈನಿಕರು ಮರಳಿದ ಮೇಲೆ ಅವು ಮುಚ್ಚಿದವು. 1944ರ ಜಿ.ಐ. ಬಿಲ್ ಕಾಯ್ದೆಯಿಂದಾಗಿ ಸಮವಸ್ತ್ರ ಕಳಚಿದವರಿಗೆ ಕಾಲೇಜಿನ ಬಾಗಿಲು ತೆರೆಯಿತು. ಆದರೆ ಸಮವಸ್ತ್ರದಲ್ಲಿಯೇ ಉಳಿದವರಿಗೆ ಈ ಯಾವುದೂ ಸರಿಯಾಗಿ ಹೊಂದುತ್ತಿರಲಿಲ್ಲ.

ಉಳಿದವರ ಸ್ಥಿತಿ ವಿಚಿತ್ರವಾಗಿತ್ತು. ಯುದ್ಧದ ವರ್ಷಗಳಲ್ಲಿ ಕಾಲೇಜು ಅರ್ಧಕ್ಕೆ ಬಿಟ್ಟು ಬಂದವರು, ಕಾಲೇಜಿನ ಮೆಟ್ಟಿಲನ್ನೇ ಹತ್ತದವರು ರಣರಂಗದಲ್ಲಿ ತೋರಿದ ಸಾಮರ್ಥ್ಯದಿಂದ ಅಧಿಕಾರಿಗಳಾಗಿದ್ದರು. ಶಾಂತಿಕಾಲದಲ್ಲಿ ಸೇನೆ ತನ್ನ ಅಧಿಕಾರಿಗಳಿಗೆ ಕಾಲೇಜು ಶಿಕ್ಷಣ ಇರಬೇಕೆಂದು ಬಯಸತೊಡಗಿದಾಗ, ತುಕಡಿಗಳನ್ನು ಮುನ್ನಡೆಸಿ ಪದಕ ಗಳಿಸಿದ ಮೇಜರ್ ಒಬ್ಬರು ಬಡ್ತಿಯ ಕಾಗದದಲ್ಲಿ ಶಿಕ್ಷಣದ ಕಾಲಮನ್ನು ಖಾಲಿ ಬಿಡಬೇಕಾಗುತ್ತಿತ್ತು. ಅಂಥವರ ಹಿಂದೆ ಇನ್ನೂ ಉದ್ದದ ಸಾಲಿನಲ್ಲಿ ಸಾರ್ಜೆಂಟ್‌ಗಳೂ ಸಾಮಾನ್ಯ ಸೈನಿಕರೂ ಇದ್ದರು. ಅಂಚೆ ಪಾಠ ಅವರಿಗೆ ಸಿಗುತ್ತಿತ್ತು, ನಿಜ. ಆದರೆ ಬ್ಯಾರಕ್ಕಿನ ಗದ್ದಲದ ನಡುವೆ ಕೇಳಿದ ಪ್ರಶ್ನೆಗೆ ಉತ್ತರ ಹೇಳುವವರಿಲ್ಲದೆ, ಜೊತೆಗೆ ಓದುವವರಿಲ್ಲದೆ ಒಂಟಿಯಾಗಿ ಬೀಜಗಣಿತ ಕಲಿಯುವುದು ಎಲ್ಲರಿಗೂ ಒಗ್ಗುವ ಕೆಲಸವಲ್ಲ.

ಮೇರಿಲ್ಯಾಂಡ್ ವಿಶ್ವವಿದ್ಯಾಲಯ ಈ ಕಥೆಯೊಳಗೆ ಬಂದದ್ದು ಭೂಗೋಳದ ಕಾರಣದಿಂದ. ಅದರ ಮುಖ್ಯ ಆವರಣವಿರುವ ಕಾಲೇಜ್ ಪಾರ್ಕ್ ವಾಷಿಂಗ್ಟನ್ನಿಗೆ ಅಂಟಿಕೊಂಡಂತಿದೆ. 1947ರಲ್ಲಿ ವಿಶ್ವವಿದ್ಯಾಲಯ ವಯಸ್ಕರ ಶಿಕ್ಷಣಕ್ಕಾಗಿ ಪ್ರತ್ಯೇಕ ವಿಭಾಗವೊಂದನ್ನು ತೆರೆದು, ರಕ್ಷಣಾ ಇಲಾಖೆಯ ಕೇಂದ್ರವಾದ ಪೆಂಟಗನ್ನಿನ ನೌಕರರಿಗೂ ಅಧಿಕಾರಿಗಳಿಗೂ ಸಂಜೆ ತರಗತಿ ನಡೆಸತೊಡಗಿತ್ತು. ಅಲ್ಲಿ ಓದುತ್ತಿದ್ದ ಅಧಿಕಾರಿಗಳಿಗೆ ಯುರೋಪಿಗೆ ವರ್ಗವಾದಾಗ ಓದು ನಿಂತುಹೋಗುತ್ತಿತ್ತು. ವಿಶ್ವವಿದ್ಯಾಲಯದ ಆಗಿನ ಅಧ್ಯಕ್ಷರಾಗಿದ್ದ ಹ್ಯಾರಿ ಕ್ಲಿಫ್ಟನ್ ಬರ್ಡ್ ಹಿಂದೆ ಫುಟ್‌ಬಾಲ್ ತರಬೇತುದಾರರಾಗಿದ್ದವರು, ವಿಶ್ವವಿದ್ಯಾಲಯವನ್ನು ಬೆಳೆಸಬೇಕೆಂಬ ಹಟವಿದ್ದವರು. ಯುರೋಪಿನಲ್ಲಿ ಪಾಠ ಮಾಡಲು ಬರುವಿರಾ ಎಂದು ಸೇನೆ ಕೇಳಿದಾಗ ಮೇರಿಲ್ಯಾಂಡ್ ಒಪ್ಪಿಕೊಂಡಿತು.

ನಿಜವಾದ ತೊಡಕು

ಸಂಜೆ ಕಾಲೇಜು ಎಂದರೆ ನಮ್ಮ ಕಣ್ಣಮುಂದೆ ಬರುವುದು ಹಗಲು ನೌಕರಿ ಮಾಡಿ ಸಂಜೆ ಬಸ್ಸು ಹಿಡಿದು ತರಗತಿಗೆ ಬರುವ ವಿದ್ಯಾರ್ಥಿ. ಅವನಿಗಿರುವುದು ಸಮಯದ ಕೊರತೆ ಮಾತ್ರ. ಊರು ಅದೇ, ಕಾಲೇಜು ಅದೇ, ಮೂರು ವರ್ಷ ಕಳೆದರೂ ಅದೇ ಮೇಷ್ಟರು. ಸೇನಾ ನೆಲೆಯ ವಿದ್ಯಾರ್ಥಿಯ ತೊಡಕು ಬೇರೆಯೇ ಬಗೆಯದು. ಅವನ ನಾಳೆ ಅವನ ಕೈಯಲ್ಲಿಲ್ಲ. ಯಾವ ವಾರ ತುಕಡಿಯನ್ನು ಗ್ರಾಫೆನ್‌ವೋರ್‌ನ ತರಬೇತಿ ಮೈದಾನಕ್ಕೆ ಕರೆದೊಯ್ಯುತ್ತಾರೋ, ಯಾವ ರಾತ್ರಿ ಎಚ್ಚರಿಕೆಯ ಕರೆ ಬಂದು ಲಾರಿಗಳ ಎಂಜಿನ್ನು ಶುರುವಾಗುತ್ತದೋ, ಯಾವ ತಿಂಗಳು ವರ್ಗಾವಣೆಯ ಆದೇಶ ಬರುತ್ತದೋ ಅವನಿಗೆ ತಿಳಿಯದು. ಅಮೆರಿಕದ ಸಾಮಾನ್ಯ ಸೆಮಿಸ್ಟರ್ ಹದಿನೈದು ವಾರಗಳಷ್ಟು ಉದ್ದ. ಅಷ್ಟು ದಿನ ಒಬ್ಬ ಸೈನಿಕ ಒಂದೇ ಜಾಗದಲ್ಲಿ, ಒಂದೇ ಪಾಳಿಯಲ್ಲಿ ಇರುತ್ತಾನೆ ಎಂದು ಯಾವ ಕಮಾಂಡರೂ ಮಾತು ಕೊಡಲಾರ.

ಹತ್ತು ವಾರ ಓದಿ ಹನ್ನೊಂದನೆಯ ವಾರ ಹೊರಟುಹೋದರೆ ಆ ಹತ್ತು ವಾರಕ್ಕೆ ಲೆಕ್ಕವೇ ಇಲ್ಲ, ಮುಗಿಸಿದ ಪಾಠಕ್ಕೆ ಪದವಿಯ ಲೆಕ್ಕದಲ್ಲಿ ಸಿಗುವ ಕ್ರೆಡಿಟ್ಟೂ ಇಲ್ಲ. ಎರಡು ಸಲ ಹೀಗಾದರೆ ಮೂರನೆಯ ಸಲ ಅವನು ನೋಂದಣಿಯ ಮೇಜಿನ ಹತ್ತಿರವೇ ಸುಳಿಯುವುದಿಲ್ಲ. ಆದ್ದರಿಂದ ಈ ಪ್ರಕರಣದ ಮೂಲ ಪ್ರಶ್ನೆ ಒಳ್ಳೆಯ ಪಾಠ ಮಾಡುವುದು ಹೇಗೆ ಎಂಬುದಾಗಿರಲಿಲ್ಲ. ಆರಂಭಿಸಿದ ಪಾಠವನ್ನು ಮುಗಿಸಲು ಬಿಡುವುದು ಹೇಗೆ, ಮುಗಿಸಿದ್ದನ್ನು ಮುಂದಿನ ಊರಿಗೆ ಕೊಂಡೊಯ್ಯಲು ಬರುವಂತೆ ಮಾಡುವುದು ಹೇಗೆ ಎಂಬುದಾಗಿತ್ತು.

ಮೇರಿಲ್ಯಾಂಡಿನ ಉತ್ತರ ಕ್ಯಾಲೆಂಡರಿನಲ್ಲಿತ್ತು. ವರ್ಷವನ್ನು ಎಂಟೆಂಟು ವಾರಗಳ ಐದು ಅವಧಿಗಳಾಗಿ ಒಡೆದರು. ಪ್ರತಿ ವಿಷಯಕ್ಕೆ ವಾರದಲ್ಲಿ ಎರಡು ಸಂಜೆ, ಪ್ರತಿ ಸಂಜೆ ಮೂರು ಗಂಟೆ. ಎಂಟು ವಾರಕ್ಕೆ ಹದಿನಾರು ತರಗತಿ, ಒಟ್ಟು 48 ಗಂಟೆ. ಊರಿನ ಆವರಣದಲ್ಲಿ ವಾರಕ್ಕೆ ಮೂರು ಗಂಟೆಯಂತೆ ಹದಿನೈದು ವಾರ ಕುಳಿತರೆ ಆಗುವುದು 45 ಗಂಟೆ. ಆದ್ದರಿಂದ ಪಾಠದ ಹೊತ್ತಿನಲ್ಲಿ ಏನೂ ಕಡಿತವಾಗಲಿಲ್ಲ. ಮೂರು ಕ್ರೆಡಿಟ್ಟಿನ ವಿಷಯ ಮೂರು ಕ್ರೆಡಿಟ್ಟಿನದಾಗಿಯೇ ಉಳಿಯಿತು. ಬದಲಾದದ್ದು ಅಪಾಯದ ಅಳತೆ. ವರ್ಗಾವಣೆಯ ಆದೇಶ ನಡುವೆ ಬಂದರೂ ಸೈನಿಕ ಕಳೆದುಕೊಳ್ಳುವುದು ಹೆಚ್ಚೆಂದರೆ ಎಂಟು ವಾರದ ದುಡಿಮೆಯನ್ನು. ಅದಕ್ಕೆ ಹಿಂದಿನ ಅವಧಿಗಳಲ್ಲಿ ಗಳಿಸಿದ್ದೆಲ್ಲ ಅಂಕಪಟ್ಟಿಯಲ್ಲಿ ಭದ್ರವಾಗಿರುತ್ತಿತ್ತು. ಇದು ಕಾಗದದ ಮೇಲೆ ಸಣ್ಣ ಬದಲಾವಣೆಯಂತೆ ಕಾಣುತ್ತದೆ. ನನ್ನ ದೃಷ್ಟಿಯಲ್ಲಿ ಇಡೀ ಪ್ರಕರಣದ ಕೀಲು ಇದೇ: ವಿದ್ಯಾರ್ಥಿ ಕಾಲೇಜಿನ ಕಾಲಮಾನಕ್ಕೆ ಹೊಂದಿಕೊಳ್ಳಲಿ ಎನ್ನುವುದನ್ನು ಬಿಟ್ಟು, ಕಾಲೇಜು ತನ್ನ ಕಾಲಮಾನವನ್ನು ವಿದ್ಯಾರ್ಥಿಯ ಬದುಕಿಗೆ ತಕ್ಕಂತೆ ಕತ್ತರಿಸಿಕೊಂಡಿತು.

ಎರಡನೆಯ ನಿರ್ಧಾರವೂ ಅಷ್ಟೇ ಮುಖ್ಯವಾದದ್ದು. ಅಮೆರಿಕದ ಕಾಲೇಜುಗಳು ಪದವಿ ಕೊಡುವ ಮುನ್ನ ಇಂತಿಷ್ಟು ಕ್ರೆಡಿಟ್ಟುಗಳನ್ನು ತಮ್ಮ ಆವರಣದಲ್ಲಿಯೇ ಗಳಿಸಿರಬೇಕೆಂದು ಕೇಳುತ್ತವೆ, ಹಲವು ಕಡೆ ಕೊನೆಯ ವರ್ಷವನ್ನು ಅಲ್ಲಿಯೇ ಓದಬೇಕೆಂದೂ ಹೇಳುತ್ತವೆ. ನೆಲೆಯಿಂದ ನೆಲೆಗೆ ಅಲೆಯುವವನಿಗೆ ಈ ನಿಯಮವೊಂದೇ ಸಾಕು, ಪದವಿ ಎಂದೆಂದಿಗೂ ಕೈಗೆ ಸಿಗದಂತೆ ಮಾಡಲು. ಜರ್ಮನಿಯ ನೆಲೆಯಲ್ಲಿ ಕಲಿತದ್ದನ್ನು ಮೇರಿಲ್ಯಾಂಡ್ ತನ್ನದೇ ಆವರಣದಲ್ಲಿ ಕಲಿತದ್ದೆಂದು ಎಣಿಸಿತು. ಬರ್ಲಿನ್ನಿನಲ್ಲಿ ಇತಿಹಾಸದ ಒಂದು ವಿಷಯ, ವೀಸ್‌ಬಾಡನ್ನಿನಲ್ಲಿ ಅರ್ಥಶಾಸ್ತ್ರ, ಮುಂದೆ ಎಲ್ಲಿಗೋ ವರ್ಗವಾದ ಮೇಲೆ ಇಂಗ್ಲಿಷ್ ಎಂದು ಚದುರಿಹೋದ ಓದು ಒಂದೇ ವಿಶ್ವವಿದ್ಯಾಲಯದ ಒಂದೇ ಅಂಕಪಟ್ಟಿಯ ಮೇಲೆ ಸಾಲಾಗಿ ಕೂರುವಂತಾಯಿತು.

ಮೊದಲ ಸಂಜೆಗಳು

ತರಗತಿಗಳು ತೆರೆದ ಕಾಲ ಎಂಥದು ಎಂಬುದನ್ನು ಮರೆಯಬಾರದು. ಬರ್ಲಿನ್ನಿಗೆ ಹಾಲಿನ ಪುಡಿಯಿಂದ ಕಲ್ಲಿದ್ದಲಿನವರೆಗೆ ಎಲ್ಲವನ್ನೂ ವಿಮಾನದಲ್ಲಿ ಸಾಗಿಸಿದ ಏರ್‌ಲಿಫ್ಟ್ ಮುಗಿದದ್ದು ಸೆಪ್ಟೆಂಬರ್ 30ರಂದು; ಪೂರ್ವ ಜರ್ಮನಿ ಎಂಬ ಹೊಸ ದೇಶ ಘೋಷಣೆಯಾದದ್ದು ಅಕ್ಟೋಬರ್ 7ರಂದು. ಆ ತಿಂಗಳ ಕೊನೆಯ ದಿನ ಪಾಠ ಶುರು. ಬರ್ಲಿನ್ನಿನ ನೆಲೆಗೂ ಪಶ್ಚಿಮಕ್ಕೂ ನಡುವೆ ಸಂಪರ್ಕ ಕಲ್ಪಿಸುತ್ತಿದ್ದದ್ದು ಫ್ರಾಂಕ್‌ಫರ್ಟಿನಿಂದ ರಾತ್ರಿ ಹೊರಡುವ ಸೇನೆಯ ರೈಲು. ಅದರಲ್ಲಿ ಹೋಗುವವರ ಪ್ರಯಾಣ ಪತ್ರಗಳು ರಷ್ಯನ್ ಭಾಷೆಯಲ್ಲಿಯೂ ಇರಬೇಕಿತ್ತು, ಗಡಿಯಲ್ಲಿ ಸೋವಿಯತ್ ಕಾವಲುಗಾರರು ಅವನ್ನು ನೋಡಿ ಮುದ್ರೆ ಒತ್ತಿದ ಮೇಲೆ ರೈಲು ಮುಂದೆ ಸಾಗುತ್ತಿತ್ತು.

ತರಗತಿ ನಡೆದದ್ದು ಕಾಲೇಜು ಕಟ್ಟಡಗಳಲ್ಲಲ್ಲ. ಅಮೆರಿಕದ ಸೇನೆ ನೆಲೆಯೂರಿದ್ದು ಬಹುಪಾಲು ಹಳೆಯ ಜರ್ಮನ್ ಸೇನೆಯ ಬ್ಯಾರಕ್ಕುಗಳಲ್ಲಿ. ಪ್ರತಿ ದೊಡ್ಡ ನೆಲೆಯಲ್ಲೂ ಶಿಕ್ಷಣ ಕೇಂದ್ರವೆಂಬ ಒಂದು ಕಟ್ಟಡ ಅಥವಾ ಕಟ್ಟಡದ ಒಂದು ಮಹಡಿ ಇರುತ್ತಿತ್ತು. ಕೋಣೆ, ಬೆಂಚು, ಹೀಟರು, ದೀಪ ಸೇನೆಯವು, ಪಾಠ, ಪರೀಕ್ಷೆ, ಅಂಕ ವಿಶ್ವವಿದ್ಯಾಲಯದವು. ಈ ಗೆರೆಯನ್ನು ಕಾಯ್ದುಕೊಂಡದ್ದು ಒಳ್ಳೆಯದಾಯಿತು. ಯಾರಿಗೆ ಎಷ್ಟು ಅಂಕ ಎಂಬುದರಲ್ಲಿ ಕಮಾಂಡರಿಗೆ ಮಾತಿಲ್ಲ ಎಂದಾದ ಮೇಲೆ ಆ ಅಂಕಕ್ಕೆ ಹೊರಗೆ ಬೆಲೆ ಬರುತ್ತದೆ.

ಅಂಥದೊಂದು ಕೋಣೆಯನ್ನು ಹತ್ತಿರದಿಂದ ನೋಡಬೇಕು. ಹಗಲಿನ ಕವಾಯತು, ಕಚೇರಿ, ಗ್ಯಾರೇಜುಗಳ ಕೆಲಸ ಮುಗಿಸಿ ಮೆಸ್ಸಿನಲ್ಲಿ ಬೇಗ ಊಟ ಮಾಡಿ ಬಂದವರು ಸಮವಸ್ತ್ರದಲ್ಲಿಯೇ ಕುಳಿತಿದ್ದಾರೆ. ಗ್ರೀಸಿನ ಕಲೆ ಹೋಗದ ಕೈಬೆರಳುಗಳ ನಡುವೆ ಪೆನ್ಸಿಲ್ಲು. ಕರ್ನಲ್ ಒಬ್ಬರ ಪಕ್ಕದ ಬೆಂಚಿನಲ್ಲಿ ಅವರದೇ ಕಚೇರಿಯ ಟೈಪಿಸ್ಟ್ ಕಾರ್ಪೊರಲ್. ಹೊರಗೆ ಸಿಕ್ಕರೆ ಸೆಲ್ಯೂಟ್ ಹೊಡೆಯಬೇಕಾದವನು ಇಲ್ಲಿ ಕಿರುಪರೀಕ್ಷೆಯಲ್ಲಿ ಅವರಿಗಿಂತ ಹೆಚ್ಚು ಅಂಕ ತೆಗೆಯಬಹುದು. ಮೂರನೆಯ ಗಂಟೆಯ ಹೊತ್ತಿಗೆ ಬೆಳಗಿನ ಐದಕ್ಕೆ ಎದ್ದವರ ರೆಪ್ಪೆ ಭಾರವಾಗುತ್ತದೆ. ಪಾಠ ಮಾಡುವವರಿಗೆ ಅದು ಗೊತ್ತು, ಆದ್ದರಿಂದ ಚರ್ಚೆಯನ್ನು ಕೊನೆಯ ಗಂಟೆಗೆ ಇಟ್ಟುಕೊಳ್ಳುವುದೇ ಜಾಣತನ. ಯುರೋಪಿನ ಇತಿಹಾಸದ ತರಗತಿಯಾದರೆ ಉದಾಹರಣೆ ಹುಡುಕಬೇಕಾಗಿಯೇ ಇಲ್ಲ: ಕಿಟಕಿಯಾಚೆ ಬಾಂಬಿಗೆ ಬಿದ್ದ ಊರು ಇನ್ನೂ ಇಟ್ಟಿಗೆಯ ಮೇಲೆ ಇಟ್ಟಿಗೆ ಇಡುತ್ತಿದೆ, ಮತ್ತು ತರಗತಿಯಲ್ಲಿ ಕುಳಿತವರಲ್ಲಿ ಕೆಲವರು ಆ ಯುದ್ಧದಲ್ಲಿ ಹೋರಾಡಿದವರು.

ಇಲ್ಲಿ ಒಂದು ವಿಷಯವನ್ನು ದಾಖಲಿಸದೆ ಮುಂದೆ ಹೋಗುವುದು ಸರಿಯಲ್ಲ. ಸೇನೆಯಲ್ಲಿ ವರ್ಣಭೇದ ಕೊನೆಗೊಳ್ಳಬೇಕೆಂಬ ಆದೇಶಕ್ಕೆ ಅಧ್ಯಕ್ಷ ಹ್ಯಾರಿ ಟ್ರೂಮನ್ ಸಹಿ ಹಾಕಿದ್ದು 1948ರ ಜುಲೈ 26ರಂದು. ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಕಾಲೇಜ್ ಪಾರ್ಕ್ ಆವರಣದ ಪದವಿ ತರಗತಿಗೆ ಮೊದಲ ಕರಿಯ ವಿದ್ಯಾರ್ಥಿ ಹೈರಮ್ ವಿಟ್ಲ್ ಸೇರಲು ಸಾಧ್ಯವಾದದ್ದು 1951ರಲ್ಲಿ. ಈ ಎರಡು ದಿನಾಂಕಗಳ ನಡುವೆಯೇ ಜರ್ಮನಿಯ ಕಾರ್ಯಕ್ರಮ ಹುಟ್ಟಿತು. ಮುಖ್ಯ ಆವರಣ ಇನ್ನೂ ಬಾಗಿಲು ಮುಚ್ಚಿಕೊಂಡಿದ್ದ ಹೊತ್ತಿನಲ್ಲಿ ಅದೇ ವಿಶ್ವವಿದ್ಯಾಲಯ, ಭೇದ ಅಳಿಸಬೇಕೆಂಬ ಆದೇಶ ಹೊತ್ತ ಸೇನೆಯ ಅಂಗಳಕ್ಕೆ ಹೋಗಿ ಪಾಠ ಹೇಳಲು ಒಪ್ಪಿಕೊಂಡಿತ್ತು ಎಂಬುದು ಈ ಪ್ರಕರಣವನ್ನು ಓದುವ ಯಾರನ್ನೂ ಕ್ಷಣ ನಿಲ್ಲಿಸುತ್ತದೆ.

1950ರಲ್ಲಿ ಮ್ಯೂನಿಕ್ಕಿನಲ್ಲಿ ಸೇನಾ ಕುಟುಂಬಗಳ ಮಕ್ಕಳಿಗಾಗಿ ಎರಡು ವರ್ಷದ ಹಗಲು ಕಾಲೇಜು ತೆರೆಯಿತು; ಬಹುಕಾಲ ಅದು ನಡೆದದ್ದು ನಾಜಿ ಪಕ್ಷದ ಸಮವಸ್ತ್ರ, ಸಾಮಗ್ರಿಗಳ ವ್ಯವಹಾರ ನೋಡಿಕೊಳ್ಳುತ್ತಿದ್ದ ಕಚೇರಿಗಾಗಿ ಕಟ್ಟಿಸಿದ ಭಾರಿ ಕಟ್ಟಡದ ಆವರಣದಲ್ಲಿ. 1951ರಲ್ಲಿ ಹೈಡೆಲ್‌ಬರ್ಗಿನಲ್ಲಿ ಮೊದಲ ಘಟಿಕೋತ್ಸವ ನಡೆಯಿತು. 1952ರಲ್ಲಿ ವಿಶ್ವವಿದ್ಯಾಲಯದ ವಯಸ್ಕರ ಶಿಕ್ಷಣ ವಿಭಾಗದ ಡೀನ್ ಆದ ರೇ ಎರೆನ್ಸ್‌ಬರ್ಗರ್ 1975ರವರೆಗೂ ಅದನ್ನು ಮುನ್ನಡೆಸಿದರು, ಮತ್ತು ಆ ನಿರಂತರತೆಯಿಂದ ಕಾರ್ಯಕ್ರಮಕ್ಕೆ ಆದ ಲಾಭ ಸಣ್ಣದಲ್ಲ.

ಎಡವಿದ ಕಡೆಗಳು

ಮೊದಲ ಕೊರತೆ ಪ್ರಯೋಗಾಲಯದ್ದು. ಇತಿಹಾಸ, ಇಂಗ್ಲಿಷ್, ಸಮಾಜಶಾಸ್ತ್ರ, ಆಡಳಿತಗಳಿಗೆ ಕರಿಹಲಗೆ ಸಾಕು. ರಸಾಯನಶಾಸ್ತ್ರಕ್ಕೆ ನೀರಿನ ಕೊಳವೆ, ಗಾಳಿ ಹೊರಹೋಗುವ ವ್ಯವಸ್ಥೆ, ಗಾಜಿನ ಸಾಮಾನು ಬೇಕು. ಬ್ಯಾರಕ್ಕಿನ ಕೋಣೆಯಲ್ಲಿ ಅವೆಲ್ಲ ಎಲ್ಲಿಂದ ಬರಬೇಕು? ಹೀಗಾಗಿ ವಿದೇಶಿ ನೆಲೆಗಳ ಸಂಜೆ ಕಾಲೇಜು ಹೆಚ್ಚು ಕೊಟ್ಟದ್ದು ಮಾನವಿಕ, ಸಮಾಜ ವಿಜ್ಞಾನ ಮತ್ತು ವ್ಯವಹಾರ ಆಡಳಿತದ ಪದವಿಗಳನ್ನು. ಎಂಜಿನಿಯರ್ ಆಗಬೇಕೆಂದು ಹೊರಟ ಮೆಕ್ಯಾನಿಕ್ ಸೈನಿಕನಿಗೆ ಇದು ಅರ್ಧ ದಾರಿಯವರೆಗಿನ ಸವಾರಿ ಮಾತ್ರ. ದೊಡ್ಡ ಗ್ರಂಥಾಲಯವೂ ಇರಲಿಲ್ಲ; ನೆಲೆಯ ವಾಚನಾಲಯದ ಕಪಾಟುಗಳು ಸಂಶೋಧನಾ ಪ್ರಬಂಧಕ್ಕಾಗಿ ತುಂಬಿಸಿದವುಗಳಲ್ಲ.

ಎರಡನೆಯದು ಬೋಧಕರ ಬದುಕು. ಒಂದೇ ಕಡೆ ವರ್ಷವಿಡೀ ಸಾಕಷ್ಟು ತರಗತಿಗಳು ಸಿಗುವುದಿಲ್ಲವಾದ್ದರಿಂದ ಅವರೂ ಅವಧಿಯಿಂದ ಅವಧಿಗೆ ನೆಲೆ ಬದಲಿಸುತ್ತಿದ್ದರು. ಎಂಟು ವಾರಕ್ಕೊಮ್ಮೆ ಪೆಟ್ಟಿಗೆ ಕಟ್ಟಬೇಕು, ಅಧಿಕಾರಿಗಳ ವಸತಿಗೃಹದಲ್ಲಿ ಇನ್ನೊಂದು ಕೋಣೆ ಹಿಡಿಯಬೇಕು, ಹೊಸ ಮುಖಗಳ ಹೆಸರು ಕಲಿಯಬೇಕು. ಒಪ್ಪಂದ ಅಲ್ಪಾವಧಿಯದು, ಊರಿನ ಆವರಣದ ಸಹೋದ್ಯೋಗಿಗಳಿಗಿದ್ದ ಕಾಯಂ ಹುದ್ದೆಯ ಭದ್ರತೆ ಇಲ್ಲ. ದೇಶ ನೋಡುವ ಆಸೆಯ ಯುವ ಬೋಧಕರಿಗೂ ನಿವೃತ್ತರಿಗೂ ಇದು ಹಿಡಿಸಿತು. ಮಕ್ಕಳ ಶಾಲೆ, ಸಂಗಾತಿಯ ನೌಕರಿ ನೋಡಬೇಕಾದವರಿಗೆ ಕಷ್ಟವಾಯಿತು. ಸೈನಿಕನ ಓದಿಗೆ ಸಿಕ್ಕ ಸ್ಥಿರತೆಯ ಬೆಲೆಯನ್ನು ಒಂದು ಮಟ್ಟಿಗೆ ಬೋಧಕರ ಅಸ್ಥಿರ ಬದುಕು ತೆತ್ತಿದೆ. ಈ ಕಾರ್ಯಕ್ರಮವನ್ನು ಹೊಗಳುವವರು ಇದನ್ನೂ ಹೇಳಬೇಕು.

ಮೂರನೆಯದು ಸರಳ ಗಣಿತ. ಅಮೆರಿಕದಲ್ಲಿ ಪದವಿಗೆ ಬೇಕಾದದ್ದು ಸಾಮಾನ್ಯವಾಗಿ 120 ಕ್ರೆಡಿಟ್. ಅವಧಿಗೊಂದು ವಿಷಯದಂತೆ ಒಂದು ವರ್ಷವೂ ತಪ್ಪಿಸದೆ ಓದಿದರೆ ವರ್ಷಕ್ಕೆ ಹದಿನೈದು ಕ್ರೆಡಿಟ್, ಪದವಿಗೆ ಎಂಟು ವರ್ಷ. ಎರಡೆರಡು ವಿಷಯ ತೆಗೆದುಕೊಂಡರೆ ನಾಲ್ಕು ವರ್ಷ. ಆದರೆ ಆಗ ವಾರದಲ್ಲಿ ನಾಲ್ಕು ಸಂಜೆ ತರಗತಿಯಲ್ಲಿ, ಉಳಿದ ಸಂಜೆಗಳು ಓದಿನಲ್ಲಿ ಕಳೆಯುತ್ತವೆ, ಮನೆಯವರ ಮುಖ ನೋಡುವುದು ಭಾನುವಾರ. ಸೇನೆಯ ತರಬೇತಿಗೂ ಕ್ರೆಡಿಟ್ ಕೊಡುವ ಪದ್ಧತಿ ಈ ಹೊರೆಯನ್ನು ಇಳಿಸಿತು: ಸೇನಾ ಕೋರ್ಸುಗಳನ್ನು ಕಾಲೇಜು ಪಾಠಕ್ಕೆ ತೂಗಿ ನೋಡಿ ಶಿಫಾರಸು ಮಾಡುವ ಕೆಲಸವನ್ನು ಅಮೆರಿಕನ್ ಶಿಕ್ಷಣ ಮಂಡಳಿ 1940ರ ದಶಕದಲ್ಲಿಯೇ ಕೈಗೆತ್ತಿಕೊಂಡಿತ್ತು.

ಶುಲ್ಕದ ವಿಚಾರ. ಶುಲ್ಕದ ದೊಡ್ಡ ಪಾಲನ್ನು ಸೇನೆಯೇ ಭರಿಸುವ ವ್ಯವಸ್ಥೆಯಿತ್ತು. ಬಹಳ ವರ್ಷ ಈ ನೆರವಿನ ಮಿತಿ ಮುಕ್ಕಾಲು ಪಾಲಾಗಿತ್ತು, 2002ರಿಂದ ಪೂರ್ತಿ ಶುಲ್ಕವನ್ನು, ಒಂದು ಕ್ರೆಡಿಟ್ಟಿಗೆ 250 ಡಾಲರ್ ಮಿತಿಯೊಳಗೆ, ಕೊಡತೊಡಗಿದರು. ನೆರವು ಪಡೆದ ಅಧಿಕಾರಿ ಎರಡು ವರ್ಷ ಹೆಚ್ಚುವರಿ ಸೇವೆಗೆ ಬದ್ಧನಾಗಬೇಕು. ಪದವಿ ವಿದ್ಯಾರ್ಥಿ 'ಸಿ'ಗಿಂತ ಕೆಳಗಿನ ದರ್ಜೆ ಪಡೆದರೆ ಹಣ ಹಿಂದಿರುಗಿಸಬೇಕು. ಕರ್ತವ್ಯದ ಕರೆಯಿಂದ ತರಗತಿ ಬಿಟ್ಟವರಿಗೆ ಈ ದಂಡದಿಂದ ವಿನಾಯಿತಿಯಿದೆ, ಅದು ಇರಲೇಬೇಕಾದದ್ದು. ಇಲ್ಲದಿದ್ದರೆ ತುಕಡಿ ಹೊರಟಿತೆಂಬ ಕಾರಣಕ್ಕೆ ಸೈನಿಕ ಓದನ್ನೂ ಹಣವನ್ನೂ ಒಟ್ಟಿಗೆ ಕಳೆದುಕೊಳ್ಳುತ್ತಿದ್ದ.

ನಂತರದ ದಾರಿ

ಜರ್ಮನಿಯಲ್ಲಿ ನಿಂತ ಮಾದರಿ 1956ರಲ್ಲಿ ಜಪಾನ್, ಒಕಿನಾವಾ ಮತ್ತು ದಕ್ಷಿಣ ಕೊರಿಯಾಗಳ ನೆಲೆಗಳಿಗೆ ಹೋಯಿತು. 1960ರ ದಶಕದಲ್ಲಿ ಅದು ವಿಯೆಟ್ನಾಮಿಗೂ ಹೋಯಿತು, ಯುದ್ಧ ನಡೆಯುತ್ತಿದ್ದ ನೆಲದಲ್ಲಿಯೇ ತರಗತಿಗಳು ನಡೆದವು. ಮುಂದಿನ ದಶಕಗಳಲ್ಲಿ ಬೇರೆ ಕಾಲೇಜುಗಳೂ ವಿದೇಶಿ ನೆಲೆಗಳಿಗೆ ಬಂದವು. ವೃತ್ತಿ ಕೌಶಲಗಳಿಗೆ ಸೆಂಟ್ರಲ್ ಟೆಕ್ಸಸ್ ಕಾಲೇಜ್, ವಿಮಾನಯಾನದ ವಿಷಯಗಳಿಗೆ ಎಂಬ್ರಿ-ರಿಡಲ್ ಹೆಸರಾದವು. ಹಲವು ಕಾಲೇಜುಗಳಾದಂತೆ ಹಳೆಯ ತೊಡಕು ಹೊಸ ವೇಷದಲ್ಲಿ ಮರಳಿತು: ಒಂದರ ಕ್ರೆಡಿಟ್ಟನ್ನು ಇನ್ನೊಂದು ಒಪ್ಪದಿದ್ದರೆ? 1972ರಲ್ಲಿ ಸೈನಿಕ ವಿದ್ಯಾರ್ಥಿಗಳಿಗಾಗಿ ಕಾಲೇಜುಗಳ ಒಕ್ಕೂಟವೊಂದು ರೂಪುಗೊಂಡು, ಪದವಿಯ ಕಾಲು ಭಾಗಕ್ಕಿಂತ ಹೆಚ್ಚನ್ನು ತಮ್ಮಲ್ಲಿಯೇ ಓದಬೇಕೆಂದು ಒತ್ತಾಯಿಸದಿರಲು, ಆ ಕಾಲು ಭಾಗವನ್ನು ಕೊನೆಯ ವರ್ಷದಲ್ಲಿಯೇ ಗಳಿಸಬೇಕೆಂದು ಕೇಳದಿರಲು ಸದಸ್ಯ ಕಾಲೇಜುಗಳು ಒಪ್ಪಿದವು. ಮೇರಿಲ್ಯಾಂಡ್ ತನ್ನೊಳಗೆ 1949ರಲ್ಲಿ ಬಿಡಿಸಿಕೊಂಡಿದ್ದ ಗಂಟನ್ನು ಈಗ ಕಾಲೇಜುಗಳ ನಡುವೆ ಬಿಡಿಸಿದಂತಾಯಿತು.

ವಯಸ್ಕರ ಶಿಕ್ಷಣದ ಆ ವಿಭಾಗ 1970ರಲ್ಲಿ ಸ್ವತಂತ್ರ ಸಂಸ್ಥೆಯಾಯಿತು. 2019ರಿಂದ ಅದರ ಹೆಸರು ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಗ್ಲೋಬಲ್ ಕ್ಯಾಂಪಸ್. ಶೀತಲ ಸಮರದ ಉತ್ತುಂಗದಲ್ಲಿ ಪಶ್ಚಿಮ ಜರ್ಮನಿಯಲ್ಲಿ ಎರಡೂವರೆ ಲಕ್ಷದಷ್ಟಿದ್ದ ಅಮೆರಿಕದ ಸೈನಿಕರ ಸಂಖ್ಯೆ ಜರ್ಮನಿ ಒಂದಾದ ಮೇಲೆ ಇಳಿಯುತ್ತ ಹೋಯಿತು, ನೆಲೆಗಳು ಒಂದೊಂದಾಗಿ ಮುಚ್ಚಿದವು. ಮ್ಯೂನಿಕ್ಕಿನ ಕಾಲೇಜು 1992ರಲ್ಲಿ ಊರು ಬಿಟ್ಟಿತು. ಮೊದಲ ಘಟಿಕೋತ್ಸವ ಕಂಡಿದ್ದ ಹೈಡೆಲ್‌ಬರ್ಗಿನ ಅಮೆರಿಕನ್ ನೆಲೆ 2013ರಲ್ಲಿ ಮುಚ್ಚಿತು, ಯುರೋಪಿನ ಕೇಂದ್ರ ಕಚೇರಿ ಕೈಸರ್‌ಸ್ಲೌಟರ್ನ್‌ಗೆ ಹೋಯಿತು. ಸಂಜೆಯ ಕೋಣೆಗಳಲ್ಲಿ ಕುಳಿತು ಕಲಿಯುತ್ತಿದ್ದ ಬಹುಪಾಲು ವಿಷಯಗಳು ಅಂತರ್ಜಾಲಕ್ಕೆ ಸರಿದಿವೆ. ಪದವಿ ತರಗತಿಗಳ ಅವಧಿ ಮಾತ್ರ ಇಂದಿಗೂ ಸಾಮಾನ್ಯವಾಗಿ ಎಂಟು ವಾರಗಳದ್ದೇ.